ಹೈಸ್ಕೂಲಿಗಿಂತ ಚಿಕ್ಕ ಕಾಲೇಜು

ನಮ್ಮ ಮಗ ಹುಟ್ಟುವಾಗಲೇ ದೊಡ್ಡ ಮಗು. ಫ್ರೀಮಾಂಟಿನ ಡೇಕೇರಿನಲ್ಲಿ ಓರಗೆಯ ಮಕ್ಕಳ ನಡುವೆ ನಿಂತರೆ ಯಾರದೋ ಅಣ್ಣ ಕರೆದುಕೊಂಡು ಹೋಗಲು ಬಂದ ಹಾಗೆ ಕಾಣುತ್ತಿದ್ದ. ಪಾರ್ಕಿನ ಜಾರುಬಂಡೆಯ ಹತ್ತಿರ ಅವನು ಹೋದರೆ ಬೇರೆ ತಾಯಂದಿರು ತಮ್ಮ ಮಕ್ಕಳನ್ನು ಸ್ವಲ್ಪ ಈಚೆಗೆ ಎಳೆದುಕೊಳ್ಳುತ್ತಿದ್ದರು. ಅವನೋ, ಇರುವೆಯ ಸಾಲು ಕಂಡರೆ ದಾಟಲು ಹೆದರಿ ನನ್ನ ಕೈ ಹಿಡಿಯುವ ಹುಡುಗ. ಬರಬರುತ್ತಾ ಭುಜ ಕುಗ್ಗಿಸಿ ನಿಲ್ಲುವುದು ಅವನಿಗೆ ಅಭ್ಯಾಸವಾಯಿತು. ಶಾಲೆಯ ಫೋಟೋಗಳಲ್ಲೆಲ್ಲ ಹಿಂದಿನ ಸಾಲಿನ ಕೊನೆಯಲ್ಲಿ, ಮಂಡಿಯನ್ನು ಒಂದಿಷ್ಟು ಬಗ್ಗಿಸಿಕೊಂಡು ನಿಂತಿದ್ದಾನೆ.

ಹೈಸ್ಕೂಲು ಸೇರಿದ ಮೊದಲ ವಾರವೇ ಅವನು ಮನೆಗೆ ಓಡಿಬಂದ. ಬ್ಯಾಗು ಕೆಳಗಿಡುವ ಮೊದಲೇ, "ಅಮ್ಮ, ಫುಟ್‌ಬಾಲ್ ಕೋಚು ನನ್ನ ಕರೆದ್ರು. ದೇ ವಾಂಟ್ ಮೀ," ಅಂದ.

ಆ 'ವಾಂಟ್' ಅನ್ನುವ ಮಾತನ್ನು ಅವನು ಹೇಳಿದ ರೀತಿಗೆ ನನಗೆ ಬೇಡ ಎನ್ನಲು ಬಾಯಿ ಬರಲಿಲ್ಲ. ಇವರಿಗೆ, ಎಂದರೆ ನಮ್ಮ ಯಜಮಾನರಿಗೆ, ಬಂತು. "ಅದು ನಮ್ಮೂರಿನ ಫುಟ್‌ಬಾಲ್ ಅಲ್ಲ ಕಣೋ. ತಲೆತಲೆ ಡಿಕ್ಕಿ ಹೊಡ್ಕೊಳೋ ಆಟ. ಹೆಲ್ಮೆಟ್ ಹಾಕ್ಕೊಂಡು ಆಡೋ ಆಟ ಅಂದ್ಮೇಲೆ ಯೋಚ್ನೆ ಮಾಡು," ಅಂದರು. ಒಂದು ವಾರ ಮನೆಯಲ್ಲಿ ವಾದ ನಡೆಯಿತು. ಕೊನೆಗೆ ಶಾಲೆಯ ಕೋಚು ಒಂದು ದಾರಿ ಹೇಳಿಕೊಟ್ಟರು. ತಂಡದಲ್ಲಿ ಲಾಂಗ್ ಸ್ನ್ಯಾಪರ್ ಎಂದು ಒಬ್ಬನಿರುತ್ತಾನೆ. ಚೆಂಡನ್ನು ಒದ್ದು ದೂರ ಕಳಿಸಬೇಕಾದ ಹೊತ್ತಿನಲ್ಲಿ ಮಾತ್ರ ಅವನು ಮೈದಾನಕ್ಕೆ ಬರಬೇಕು. ಬಗ್ಗಿ ನಿಂತು, ತನ್ನ ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ, ಹದಿನೈದು ಗಜ ದೂರದಲ್ಲಿ ನಿಂತ ಒದೆಯುವವನ ಕೈಗೆ ನೇರವಾಗಿ ಎಸೆಯಬೇಕು. ಒಂದು ಪಂದ್ಯದಲ್ಲಿ ಹತ್ತು ಸಲ ಎಸೆದರೆ ಹೆಚ್ಚು. ಪೆಟ್ಟು ಬೀಳುವುದೂ ಅಷ್ಟಕ್ಕಷ್ಟೇ. ಸರಿಯಾಗಿ ಎಸೆದರೆ ಅವನೊಬ್ಬ ಇದ್ದಾನೆಂದೇ ಯಾರಿಗೂ ಗೊತ್ತಾಗುವುದಿಲ್ಲ. ತಪ್ಪಿದರೆ ಇಡೀ ಸ್ಟೇಡಿಯಮ್ಮಿಗೆ ಗೊತ್ತಾಗುತ್ತದೆ.

ಇವರು ಒಪ್ಪಿದರು. ಆದರೆ ಎಸೆಯುವುದನ್ನು ಕಲಿಯಬೇಕೆಂದರೆ ಹಿಡಿಯುವುದಕ್ಕೆ ಒಬ್ಬರು ಬೇಕಲ್ಲ. ಇವರ ಆಫೀಸು ಪಾಲೋ ಆಲ್ಟೋದಲ್ಲಿ. ಕೊಲ್ಲಿಯ ಮೇಲಿನ ಸೇತುವೆಯ ಟ್ರಾಫಿಕ್ ದಾಟಿ ಮನೆ ಸೇರುವ ಹೊತ್ತಿಗೆ ಏಳೂವರೆ ಆಗುತ್ತಿತ್ತು. ನಾನು ಫಾಸ್ಟರ್ ಸಿಟಿಯ ಒಂದು ಲ್ಯಾಬಿನಲ್ಲಿ ಬೆಳಗಿನ ಶಿಫ್ಟು ಮುಗಿಸಿ ನಾಲ್ಕಕ್ಕೆಲ್ಲ ಮನೆಯಲ್ಲಿರುತ್ತಿದ್ದೆ. ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು. ಮಂಡ್ಯದಲ್ಲಿ ಓದುವಾಗ ಥ್ರೋಬಾಲ್ ತಂಡದಲ್ಲಿ ಬದಲಿ ಆಟಗಾರ್ತಿಯಾಗಿ ಬೆಂಚಿನ ಮೇಲೆ ಕೂತದ್ದು ಬಿಟ್ಟರೆ ಆಟ ಎಂದರೇನು ಎಂದು ನನಗೆ ಗೊತ್ತಿರಲಿಲ್ಲ.

ಮೊದಲ ದಿನ ಚೆಂಡು ಬಂದು ನನ್ನ ಮೊಣಕಾಲಿಗೆ ಬಡಿಯಿತು. ಎರಡನೆಯದು ಹೊಟ್ಟೆಗೆ. ಅದು ದುಂಡಗಿನ ಚೆಂಡಲ್ಲ. ಎರಡು ತುದಿ ಚೂಪಾದ, ತಿರುಗುತ್ತಾ ಬರುವ ಚರ್ಮದ ಉಂಡೆ. "ಅಮ್ಮ, ಕಣ್ಣು ಮುಚ್ಬೇಡಿ! ಜಸ್ಟ್ ವಾಚ್ ಇಟ್," ಎಂದು ಅವನು ಕೂಗುವುದು, ನಾನು ಕಣ್ಣು ಮುಚ್ಚುವುದು. ಮನೆಯ ಹಿಂದಿನ ಪಾರ್ಕಿನಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ನಮ್ಮ ಅತ್ತೆ ಕೂತಿರುತ್ತಿದ್ದರು. ಹಾಸನದ ಕಡೆಯವರು; ಮಾವ ಹೋದ ಮೇಲೆ ನಮ್ಮ ಜೊತೆಯಲ್ಲೇ ಇದ್ದಾರೆ. ಅವರಿಗೆ ಈ ಆಟ ತಲೆಗೇ ಹೋಗಲಿಲ್ಲ.

"ಅಲ್ಲ ಮಗಾ, ಹಂಗೆ ಬಗ್ಗಿ ನಿಂತ್ಕಂಡು ಹಿಂದಕ್ಯಾಕೆ ಎಸೀತೀಯಾ? ತಿರುಗಿ ನಿಂತ್ಕಂಡು ಮುಂದಕ್ಕೆ ಎಸೆಯಕ್ಕೆ ಬರಲ್ವಾ ನಿಂಗೆ?"

"ಅಜ್ಜಿ, ದಟ್ಸ್ ದಿ ಗೇಮ್!"

"ಏನ್ ಗೇಮೋ. ನಿಮ್ಮಮ್ಮನ ಕೈ ಮುರಿಯದಿದ್ರೆ ಸಾಕು."

ಮುರಿಯಲಿಲ್ಲ, ಆದರೆ ಒಮ್ಮೆ ಕಿರುಬೆರಳು ಊದಿಕೊಂಡು ಲ್ಯಾಬಿನ ಗ್ಲೌಸು ಹಾಕಲಾಗಲಿಲ್ಲ. ಕಾರಿನ ಬಾಗಿಲಿಗೆ ಸಿಕ್ಕಿಕೊಂಡಿತು ಎಂದು ಲ್ಯಾಬಿನಲ್ಲೂ ಹೇಳಿದೆ, ಇವರಿಗೂ ಹೇಳಿದೆ. ಇವರು ಅಭ್ಯಾಸ ನಿಲ್ಲಿಸಿಬಿಟ್ಟಾರು ಎಂಬ ಭಯ. ಯಾಕೆಂದರೆ ಅಷ್ಟು ಹೊತ್ತಿಗೆ ಆ ಸಂಜೆಗಳು ಅವನಿಗಿಂತ ಹೆಚ್ಚಾಗಿ ನನಗೇ ಬೇಕಾಗಿದ್ದವು. ಬಗ್ಗಿ, ಕಾಲುಗಳ ನಡುವಿನಿಂದ ನನ್ನನ್ನು ತಲೆಕೆಳಗಾಗಿ ನೋಡುತ್ತಾ ಅವನು ಮಾತಾಡುತ್ತಿದ್ದ. ಊಟದ ಮೇಜಿನ ಮುಂದೆ 'ಫೈನ್', 'ಓಕೆ' ಬಿಟ್ಟು ಮೂರನೆಯ ಮಾತಾಡದ ಹುಡುಗ, ಅಲ್ಲಿ ಕೆಮಿಸ್ಟ್ರಿ ಅರ್ಥವಾಗುತ್ತಿಲ್ಲ ಎಂದ. ಡ್ಯಾನ್ಸಿಗೆ ಬರುತ್ತೀಯಾ ಎಂದು ಒಬ್ಬ ಹುಡುಗಿಯನ್ನು ಕೇಳಿದ್ದೆ, ಅವಳು ನಕ್ಕಳು ಎಂದ. ನಾನು ಚೆಂಡು ಹಿಡಿದು ತಿರುಗಿ ಕೊಡುತ್ತಿದ್ದೆ, ಅಷ್ಟೇ. ಬುದ್ಧಿ ಹೇಳಲು ನನಗೆ ಉಸಿರೇ ಇರುತ್ತಿರಲಿಲ್ಲ. ಒಳ್ಳೆಯದೇ ಆಯಿತು.

ಮೂರನೆಯ ವರ್ಷದ ಕೊನೆಯ ಪಂದ್ಯದಲ್ಲಿ ಅವನ ಕೈ ತಪ್ಪಿತು. ಮಳೆ ಬಿದ್ದು ಚೆಂಡು ಒದ್ದೆಯಾಗಿತ್ತು. ಅವನು ಎಸೆದದ್ದು ಒದೆಯುವವನ ತಲೆಯ ಮೇಲಿಂದ ಹಾರಿಹೋಯಿತು, ಎದುರಾಳಿ ತಂಡದವರು ಅದನ್ನು ಹಿಡಿದು ಗೆದ್ದರು. ಕಾರಿನಲ್ಲಿ ಮನೆಗೆ ಬರುವಾಗ ಅವನು ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದ. ಇವರು ಏನೋ ಹೇಳಲು ಹೋದರು. ನಾನು ಮೆಲ್ಲಗೆ ಇವರ ಕೈ ಅದುಮಿದೆ. ಮುಂದಿನ ಎರಡು ತಿಂಗಳು ಪಾರ್ಕಿನಲ್ಲೂ ಅವನ ಚೆಂಡು ನನ್ನ ತಲೆಯ ಮೇಲಿಂದಲೇ ಹೋಗುತ್ತಿತ್ತು. ನಾನು ಓಡಿಹೋಗಿ ಹೆಕ್ಕಿಕೊಂಡು ಬರುವೆ, ಅವನು ಮತ್ತೆ ಎಸೆಯುವ. ಒಂದು ದಿನ ಸುಮ್ಮನೆ ಸರಿಹೋಯಿತು. ಯಾಕೆ ಕೆಟ್ಟಿತ್ತು, ಹೇಗೆ ಸರಿಯಾಯಿತು, ಇಬ್ಬರಿಗೂ ತಿಳಿಯಲಿಲ್ಲ.

ಆ ಬೇಸಿಗೆಯಲ್ಲಿ ಕಾಲೇಜಿನ ಕೋಚುಗಳಿಗೆ ಕಳಿಸಲು ಅವನು ತನ್ನ ಆಟದ ವಿಡಿಯೋ ಮಾಡಿದ. ಎಲ್ಲರೂ ತಮ್ಮ ಒಳ್ಳೊಳ್ಳೆಯ ತುಣುಕುಗಳನ್ನು ಜೋಡಿಸಿ ಕಳಿಸುತ್ತಾರೆ. ಇವನು ಕೊನೆಯಲ್ಲಿ ಮಳೆಯ ದಿನದ ಎಸೆತವನ್ನೂ ಸೇರಿಸಿದ. ಇವರು ಹೌಹಾರಿದರು.

"ಅದನ್ನ ಯಾಕೋ ಹಾಕ್ದೆ? ರೆಸ್ಯೂಮೆಲಿ ಯಾರಾದ್ರೂ ಫೇಲಾಗಿದ್ದು ಬರೀತಾರಾ?"

"ಇಟ್ ಹ್ಯಾಪನ್ಡ್, ಅಪ್ಪ," ಅಂದ ಅವನು. ಅಷ್ಟೇ.

ಉತ್ತರ ಬಂದದ್ದು ಎರಡು ಕಡೆಯಿಂದ. ಒಂದು, ಪಕ್ಕದ ರಾಜ್ಯದ ದೊಡ್ಡ ಯೂನಿವರ್ಸಿಟಿ. ಶನಿವಾರ ಶನಿವಾರ ಟಿವಿಯಲ್ಲಿ ಕಾಣುವ ತಂಡ. ತಂಡಕ್ಕೆ ಸೇರಿಸಿಕೊಳ್ಳುತ್ತೇವೆ, ಆದರೆ ಆಡಿಸುತ್ತೇವೆಂಬ ಭರವಸೆ ಕೊಡಲಾಗದು ಅಂದರು. ಇನ್ನೊಂದು, ದಕ್ಷಿಣಕ್ಕೆ ಆರು ಗಂಟೆಯ ದಾರಿಯಲ್ಲಿರುವ ಒಂದು ಪುಟ್ಟ ಕಾಲೇಜು. ನಮ್ಮ ಹುಡುಗನ ಹೈಸ್ಕೂಲಿಗಿಂತ ಚಿಕ್ಕದು. ಅಲ್ಲಿನ ಕೋಚು ಫೋನು ಮಾಡಿ ಮೊದಲು ಕೇಳಿದ್ದೇ ಆ ಮಳೆಯ ಎಸೆತದ ಬಗ್ಗೆ. ಅದನ್ನು ಯಾಕೆ ಸೇರಿಸಿದೆ ಎಂದಲ್ಲ. ಅದಾದ ಮೇಲೆ ಮನೆಗೆ ಹೋಗಿ ಏನು ಮಾಡಿದೆ ಎಂದು. ಮಗ ಪಾರ್ಕಿನ ಎರಡು ತಿಂಗಳ ಕತೆ ಹೇಳಿದನಂತೆ. ಅವರು ಅರ್ಧ ಗಂಟೆ ಕೇಳಿದರಂತೆ.

ಒಂದು ಭಾನುವಾರ ಆ ಕೋಚು ಫ್ರೀಮಾಂಟಿಗೇ ಬಂದರು. ಅರವತ್ತರ ಹತ್ತಿರದ, ಕುಂಟುತ್ತಾ ನಡೆಯುವ ಮನುಷ್ಯ. ಬಾಗಿಲ ಹತ್ತಿರ ನಮ್ಮ ಚಪ್ಪಲಿಗಳನ್ನು ನೋಡಿ, ಯಾರೂ ಹೇಳದಿದ್ದರೂ ಗೋಡೆ ಹಿಡಿದುಕೊಂಡು ಕಷ್ಟಪಟ್ಟು ಶೂ ಬಿಚ್ಚಿದರು. ಅತ್ತೆ ಅಕ್ಕಿರೊಟ್ಟಿ ತಟ್ಟಿದ್ದರು. ಅವರು ಮಗನನ್ನು ನೋಡಿ, ಅವನ ಹಾಗೆಯೇ ಕೈಯಲ್ಲಿ ಮುರಿದು, ಕಾಯಿಚಟ್ನಿ ಹಚ್ಚಿಕೊಂಡು ತಿಂದರು. ಮೂರನೆಯ ರೊಟ್ಟಿ ಬಡಿಸುತ್ತಾ ಅತ್ತೆ ಮೊಮ್ಮಗನಿಗೆ ಹೇಳಿದರು: "ನಿಂಗೆ ಪೆಟ್ಟು ಬಿದ್ರೆ ಯಾರು ನೋಡ್ಕತಾರೆ ಅಂತ ಕೇಳು ಆ ಮೇಷ್ಟ್ರನ್ನ."

ಅವನಿಗೆ ನಾಚಿಕೆಯಾಯಿತು. "ಅಜ್ಜಿ, ಪ್ಲೀಸ್."

"ಕೇಳು ಅಂದ್ರೆ ಕೇಳು."

ಅವನು ಕೆಂಪಗಾಗಿ ಇಂಗ್ಲಿಷಿನಲ್ಲಿ ಕೇಳಿದ. ಕೋಚು ತಟ್ಟೆ ಕೆಳಗಿಟ್ಟು, ಮಗನನ್ನಲ್ಲ, ಅತ್ತೆಯನ್ನೇ ನೋಡುತ್ತಾ ಉತ್ತರ ಕೊಟ್ಟರು. ಪೆಟ್ಟು ಬೀಳುವುದಿಲ್ಲ ಎಂದು ನಾನು ಹೇಳಲಾರೆ, ಈ ಆಟದಲ್ಲಿ ಬೀಳುತ್ತದೆ. ಬಿದ್ದರೆ ನಾನು ಅವನ ಪಕ್ಕದಲ್ಲಿರುತ್ತೇನೆ, ನಿಮಗೆ ಫೋನು ಮಾಡುತ್ತೇನೆ. ಮತ್ತೆ ಇನ್ನೊಂದು ಮಾತು, ಮೊದಲ ವರ್ಷ ಅವನು ಆಡದೆಯೂ ಇರಬಹುದು. ನಮ್ಮಲ್ಲಿ ಈಗಾಗಲೇ ಒಬ್ಬನಿದ್ದಾನೆ, ಚೆನ್ನಾಗಿಯೇ ಎಸೆಯುತ್ತಾನೆ. ಹೀಗೆಂದರು. ನಾನು ಒಂದೊಂದನ್ನೇ ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅವರು ತಲೆಯಾಡಿಸಿ ಒಳಗೆ ಹೋಗಿ ಇನ್ನೊಂದು ರೊಟ್ಟಿ ತಂದರು.

ಕಾರು ಹೊರಟ ಮೇಲೆ ಅತ್ತೆ, "ಸುಳ್ಳು ಹೇಳೋ ಮುಖ ಅಲ್ಲ," ಅಂದರು.

"ಅಮ್ಮ, ಸುಳ್ಳು ಹೇಳಲ್ಲ ಅಂತ ಕಾಲೇಜು ಸೇರ್ಸಕ್ಕಾಗತ್ತಾ?" ಅಂದರು ಇವರು. "ಆ ಕಾಲೇಜಿನ ಹೆಸರು ನಮ್ಮ ಆಫೀಸಲ್ಲಿ ಒಬ್ಬರಿಗೂ ಗೊತ್ತಿಲ್ಲ. ಹತ್ತು ಜನರನ್ನ ಕೇಳ್ದೆ."

ಇವರನ್ನು ದೂರಲಾರೆ. ಹಳ್ಳಿಯ ಶಾಲೆಯಿಂದ ಬಂದು, ಕಾಲೇಜಿನ ಹೆಸರು ಹೇಳಿದ ಕೂಡಲೇ ಎದುರಿನವರು ಹುಬ್ಬೇರಿಸುವುದನ್ನು ಕಂಡು ಮುಂದೆ ಬಂದ ಮನುಷ್ಯ. ಆ ಹೆಸರು ತನ್ನನ್ನು ಎಷ್ಟು ಕಾಪಾಡಿತು ಎಂಬುದು ಅವರಿಗೆ ಗೊತ್ತು. ಮಗನಿಗೂ ಅದೊಂದು ರಕ್ಷೆ ಇರಲಿ ಎಂಬುದಷ್ಟೇ ಅವರ ಆಸೆ.

ಮೊದಲು ದೊಡ್ಡ ಯೂನಿವರ್ಸಿಟಿಗೆ ಹೋದೆವು. ನಿಜ ಹೇಳಬೇಕೆಂದರೆ ನಾನೂ ಮರುಳಾದೆ. ಆ ಸ್ಟೇಡಿಯಂ ಒಳಗೆ ನಿಂತರೆ ತಲೆ ತಿರುಗುತ್ತದೆ. ಒಂದು ಕೋಣೆಯಲ್ಲಿ ಮಗನಿಗೆ ತಂಡದ ಜರ್ಸಿ ತೊಡಿಸಿ, ದೀಪ ಹಾಕಿ ಫೋಟೋ ತೆಗೆದರು. ಅವನ ಮುಖ ಅರಳಿತು. ಇವರು ಆ ಫೋಟೋವನ್ನು ಅಲ್ಲಿಂದಲೇ ಊರಿನವರಿಗೆಲ್ಲ ಕಳಿಸಿದರು. ಅಲ್ಲಿನವರು ಒಳ್ಳೆಯವರೇ, ಮರ್ಯಾದೆಯಿಂದಲೇ ಮಾತಾಡಿಸಿದರು. ಅದೇ ಕೋಣೆಗೆ ಜರ್ಸಿ ತೊಡಲು ಇನ್ನೂ ಹಲವು ಹುಡುಗರು ಸಾಲಿನಲ್ಲಿ ನಿಂತಿದ್ದರು, ತಮ್ಮ ತಮ್ಮ ಅಪ್ಪ ಅಮ್ಮಂದಿರ ಜೊತೆ.

ಎರಡು ವಾರದ ನಂತರ ಚಿಕ್ಕ ಕಾಲೇಜಿಗೆ ಹೋದೆವು. ಒಲ್ಲದ ಮನಸ್ಸಿನಿಂದ ಇವರೂ ಬಂದರು. ಎರಡು ಬೀದಿ, ಒಂದು ಗಡಿಯಾರದ ಗೋಪುರ, ನಿಂಬೆ ಮರಗಳು. ಇಡೀ ಕಾಲೇಜನ್ನು ಇಪ್ಪತ್ತು ನಿಮಿಷದಲ್ಲಿ ಸುತ್ತಿ ಮುಗಿಸಿದೆವು. ಮಗ ಆಟಗಾರರ ಜೊತೆ ತರಗತಿಗೆ ಹೋದ. ಮಧ್ಯಾಹ್ನ ಊಟದ ಹಾಲಿನಲ್ಲಿ ನಾವು ಒಂದು ಮೂಲೆಯಲ್ಲಿ ಕೂತಿದ್ದಾಗ ಅವನು ನಾಲ್ಕು ಹುಡುಗರ ಜೊತೆ ಒಳಗೆ ಬಂದ. ಒಬ್ಬೊಬ್ಬರೂ ಅವನಷ್ಟೇ ಎತ್ತರ, ಅವನಷ್ಟೇ ಅಗಲ. ಎಲ್ಲ ದೊಡ್ಡ ದೊಡ್ಡ ತಟ್ಟೆಗಳಲ್ಲಿ ಅನ್ನ ಹಾಕಿಕೊಂಡು ಏನಕ್ಕೋ ಜೋರಾಗಿ ನಗುತ್ತಿದ್ದರು. ನಮ್ಮವನು ದೂರದಿಂದಲೇ, "ಅಮ್ಮ! ಅಪ್ಪ! ಇಲ್ಲಿ ಬನ್ನಿ!" ಎಂದು ಇಡೀ ಹಾಲಿಗೆ ಕೇಳುವ ಹಾಗೆ ಕನ್ನಡದಲ್ಲಿ ಕೂಗಿದ. ಹೈಸ್ಕೂಲಿನ ಗೇಟಿನ ಹತ್ತಿರ ನಾನು ಕನ್ನಡ ಮಾತಾಡಿದರೆ ಕಾರಿನೊಳಗೆ ಕೂತುಬಿಡುತ್ತಿದ್ದ ಹುಡುಗ!

ಊಟವಾದ ಮೇಲೆ ನಾವು ಮೂವರೇ ಮೈದಾನಕ್ಕೆ ಹೋದೆವು. ಖಾಲಿ ಮೈದಾನ. ಆಚೆ ತುದಿಯಲ್ಲಿ ಒಬ್ಬರು ಬಣ್ಣದ ಗಾಡಿ ತಳ್ಳುತ್ತಾ ಹುಲ್ಲಿನ ಮೇಲೆ ಬಿಳಿ ಗೆರೆ ಹಾಕುತ್ತಿದ್ದರು. ಕುಂಟುವುದನ್ನು ನೋಡಿ ಅದು ಕೋಚು ಎಂದು ಗೊತ್ತಾಯಿತು. ಮಗ ಕಾರಿನಿಂದ ತನ್ನ ಚೆಂಡು ತಂದ.

"ಅಮ್ಮ, ಹಿಡೀತೀರಾ? ಜಸ್ಟ್ ಎ ಫ್ಯೂ."

ನಾನು ಕೈಚೀಲವನ್ನು ಇವರ ಕೈಗೆ ಕೊಟ್ಟು, ಹದಿನೈದು ಗಜ ಎಣಿಸಿಕೊಂಡು ಹೋಗಿ ನಿಂತೆ. ಅವನು ಬಗ್ಗಿದ, ಎಸೆದ. ಚೆಂಡು ಸುಂಯ್ಯನೆ ಬಂದು ಎದೆಯ ಮಟ್ಟದಲ್ಲಿ ನನ್ನ ಕೈ ಸೇರಿತು. ಇನ್ನೊಂದು. ಇನ್ನೊಂದು. ಮೂರು ವರ್ಷದಲ್ಲಿ ನನ್ನ ಕೈಗೆ ಅದು ತಾನಾಗಿಯೇ ಬಂದು ಕೂರುವಷ್ಟು ರೂಢಿಯಾಗಿತ್ತು. ಆಚೆ ಗಾಡಿಯ ಸದ್ದು ನಿಂತಿತು. ಕೋಚು ಹತ್ತಿರ ಬರಲಿಲ್ಲ. ನಾವು ಮುಗಿಸುವವರೆಗೂ ಗಾಡಿಯ ಹಿಡಿಯ ಮೇಲೆ ಕೈಯಿಟ್ಟು ನಿಂತಿದ್ದು, ನಾವು ಚೆಂಡು ಎತ್ತಿಕೊಂಡು ಹೊರಟಾಗ ಟೋಪಿ ತೆಗೆದು ಒಮ್ಮೆ ಬೀಸಿ, ಮತ್ತೆ ಗೆರೆ ಹಾಕತೊಡಗಿದರು.

ಇವರು ನನ್ನ ಕೈಚೀಲ ಹಿಡಿದುಕೊಂಡು ನಿಂತೇ ಇದ್ದರು. ಮೂರು ವರ್ಷದಲ್ಲಿ ಇವರು ನಮ್ಮ ಅಭ್ಯಾಸವನ್ನು ಒಮ್ಮೆಯೂ ನೋಡಿರಲಿಲ್ಲ. ಆ ಹೊತ್ತಿಗೆ ಇವರು ಮನೆಯಲ್ಲೇ ಇರುತ್ತಿರಲಿಲ್ಲ. ವಾಪಸು ಬರುವಾಗ ಮಗ ಹಿಂದಿನ ಸೀಟಿನಲ್ಲಿ ನಿದ್ದೆ ಹೋದ. ಫ್ರೀವೇಯಲ್ಲಿ ಒಂದು ಗಂಟೆ ಕಾರು ಓಡಿಸಿದ ಮೇಲೆ ಇವರು, "ಅಷ್ಟು ಜೋರಾಗಿ ಬರತ್ತೆ ಅಂತ ಗೊತ್ತಿರ್ಲಿಲ್ಲ ಕಣೆ," ಅಂದರು. ಮುಂದಿನ ಲಾರಿಯನ್ನು ದಾಟಿ, "ಆ ಬೆರಳು ಕಾರಿನ ಬಾಗಿಲಿಗೆ ಸಿಕ್ಕಿದ್ದಲ್ಲ, ಅಲ್ವಾ?"

"ಅಲ್ಲ ರೀ."

"ಹೂಂ," ಅಂದರು. ಆಮೇಲೆ, "ಊಟದ ಹಾಲಲ್ಲಿ ಅವನು ಎಷ್ಟು ನೆಟ್ಟಗೆ ನಿಂತಿದ್ದ ನೋಡಿದ್ಯಾ?" ಅಂದರು. ನಾನು ಅದನ್ನು ಗಮನಿಸಿರಲಿಲ್ಲ. ಇವರು ಗಮನಿಸಿದ್ದರು.

ಅದಾದ ಹತ್ತು ದಿನಕ್ಕೆ ಶಾಲೆಗೆ ರಜೆಯಿದ್ದ ಒಂದು ಮಧ್ಯಾಹ್ನ ಮಗ ಫಾಸ್ಟರ್ ಸಿಟಿಗೆ ಬಂದ. ಲ್ಯಾಬಿನ ಹತ್ತಿರ ನೀರಿನ ದಂಡೆಯ ಬೆಂಚಿನಲ್ಲಿ ಕೂತು ನನ್ನ ಮೊಸರನ್ನದ ಡಬ್ಬಿಯಲ್ಲಿ ಅರ್ಧಕ್ಕಿಂತ ಹೆಚ್ಚು ಅವನೇ ತಿಂದ.

"ಅಮ್ಮ, ಐ ಡಿಸೈಡೆಡ್. ಚಿಕ್ಕದು."

"ಯಾಕೋ?"

ಅವನು ನೀರಿನಲ್ಲಿದ್ದ ಬಾತುಕೋಳಿಗಳನ್ನು ನೋಡುತ್ತಾ ಹೇಳಿದ: "ಅಲ್ಲಿ ಜರ್ಸಿ ಹಾಕ್ಕೊಂಡಾಗ ತುಂಬಾ ಚೆನ್ನಾಗಿತ್ತು. ಬಟ್ ಐ ಕೆಪ್ಟ್ ಥಿಂಕಿಂಗ್, ನೆಕ್ಸ್ಟ್ ಡೇ ಏನ್ ಮಾಡ್ತೀನಿ? ಅದರ ನೆಕ್ಸ್ಟ್ ಡೇ? ಅಲ್ಲಿ ನಾನು ನೋಡ್ಕೊಂಡು ನಿಂತಿರ್ತೀನಿ, ಅಮ್ಮ. ನಂಗೆ ಆಡ್ಬೇಕು." ಆಮೇಲೆ ದನಿ ತಗ್ಗಿಸಿ, "ಅಪ್ಪ ವಿಲ್ ಬಿ ಸ್ಯಾಡ್. ನೀವು ಹೇಳ್ತೀರಾ?"

"ನಾನು ಹೇಳಲ್ಲ. ನೀನೇ ಹೇಳು. ನಾನು ಪಕ್ಕದಲ್ಲಿ ಕೂತಿರ್ತೀನಿ."

ಅವತ್ತು ಸಂಜೆ ಇವರು ಕಾಫಿ ಕುಡಿಯುತ್ತಿದ್ದಾಗ ಅವನು ಹೇಳಿದ. ಅರ್ಧ ಕನ್ನಡ, ಅರ್ಧ ಇಂಗ್ಲಿಷು, ಕಣ್ಣು ನೆಲದ ಮೇಲೆ. ಇವರು ಎಲ್ಲ ಕೇಳಿಸಿಕೊಂಡು, "ಸರಿ," ಅಂದು ಲೋಟ ತೊಳೆಯಲು ಎದ್ದುಹೋದರು. ಆ 'ಸರಿ'ಯ ಅರ್ಥವೇನೆಂದು ಅವನು ನನ್ನ ಮುಖ ನೋಡಿದ. ನನಗೂ ಗೊತ್ತಿರಲಿಲ್ಲ.

ಮಾರನೆಯ ದಿನ ನಾವು ಪಾರ್ಕಿನಲ್ಲಿದ್ದಾಗ, ನಾಲ್ಕೂವರೆಗೆ, ಇವರ ಕಾರು ಬಂದು ನಿಂತಿತು. ಏನೋ ಆಗಿದೆ ಎಂದುಕೊಂಡು ನಾನು ಚೆಂಡು ಕೆಳಗೆ ಹಾಕಿದೆ. ಇವರು ಆಫೀಸಿನ ಶರ್ಟಿನಲ್ಲೇ ಹುಲ್ಲಿನ ಮೇಲೆ ನಡೆದುಬಂದು, ತೋಳು ಮಡಿಸುತ್ತಾ, "ನೀನು ಕೂತ್ಕೋ. ಇವತ್ತು ನಾನು ಹಿಡೀತೀನಿ," ಅಂದರು.

"ಅಪ್ಪ, ಗ್ಲಾಸಸ್ ತೆಗೀರಿ," ಅಂದ ಮಗ.

"ತೆಗೆದ್ರೆ ಚೆಂಡೇ ಕಾಣಲ್ವಲ್ಲೋ!"

ಮೊದಲ ಚೆಂಡು ಇವರ ಎದೆಗೆ ಬಡಿದು, ಕನ್ನಡಕ ಹಾರಿ, ಇವರು ಹುಲ್ಲಿನ ಮೇಲೆ ಕೂತುಬಿಟ್ಟರು. ಅತ್ತೆ ಕುರ್ಚಿಯಿಂದ ಎದ್ದು ನಿಂತರು. ಮಗ ಓಡಿಬಂದ. ಇವರು ಕೂತಲ್ಲಿಂದಲೇ ನಗಲು ಶುರುಮಾಡಿದರು. ನಗು ನಿಂತ ಮೇಲೂ ಏಳಲಿಲ್ಲ; ಮಗನ ಕೈ ಹಿಡಿದುಕೊಂಡು, "ಒಳ್ಳೆ ಕಾಲೇಜು ಕಣೋ. ನಾನು ನೋಡ್ದೆ," ಅಂದರು. ಹುಡುಗ ಇವರನ್ನು ಎರಡೂ ಕೈಯಿಂದ ಎತ್ತಿ ನಿಲ್ಲಿಸಿದ, ಬೆನ್ನಿಗೆ ಹತ್ತಿದ ಹುಲ್ಲು ಕೊಡವಿದ, ಕನ್ನಡಕ ತನ್ನ ಅಂಗಿಯಲ್ಲಿ ಒರೆಸಿ ಕೊಟ್ಟ.

ಆ ವರ್ಷದ ಯುಗಾದಿಯ ಊಟದಲ್ಲಿ ಪರಿಚಯದವರೆಲ್ಲ ಮಗ ಯಾವ ಕಾಲೇಜು ಎಂದು ಕೇಳಿದರು. ಇವರು ಹೆಸರು ಹೇಳಿದರು. "ಯಾವುದು? ಕೇಳೇ ಇಲ್ವಲ್ಲ," ಅಂದರು. ಇವರು ಇನ್ನೊಮ್ಮೆ, ಬಿಡಿಸಿ ಬಿಡಿಸಿ ಹೇಳಿದರು. ಯಾಕೆ ಎಂದು ವಿವರಿಸಲು ಹೋಗಲಿಲ್ಲ. ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡು ತಿಂದರು.

ಎಲ್ಲವೂ ಅಂದುಕೊಂಡ ಹಾಗೆ ಆಯಿತೆಂದು ಹೇಳಲಾರೆ. ಮೊದಲ ವರ್ಷ ಅವನು ಒಂದು ಪಂದ್ಯವನ್ನೂ ಆಡಲಿಲ್ಲ. ನಿಂತು ನೋಡಿದ್ದೇ ಆಯಿತು, ಯಾವುದು ಬೇಡವೆಂದಿದ್ದನೋ ಅದನ್ನೇ. ಅಕ್ಟೋಬರಿನಲ್ಲಿ ಒಂದು ದಿನ ಫೋನು ಮಾಡಿ ಊಟ, ಹವೆ ಎಂದು ಏನೇನೋ ಮಾತಾಡಿದ; ತಪ್ಪು ಮಾಡಿದೆನಾ ಎಂದು ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅಭ್ಯಾಸದಲ್ಲಿ ಒಮ್ಮೆ ಕಾಲು ಉಳುಕಿತು. ಆಗ ಫೋನು ಮಾಡಿದ್ದು ಕೋಚಲ್ಲ, ಬೇರೆ ಯಾರೋ. ಕೋಚು ಒಂದು ಗಂಟೆ ತಡವಾಗಿ ಮಾಡಿ, ನಾನೇ ಮೊದಲು ಮಾಡಬೇಕಿತ್ತು, ತಪ್ಪಾಯಿತು ಎಂದರು. ಎರಡನೆಯ ವರ್ಷದಿಂದ ಅವನು ಆಡುತ್ತಿದ್ದಾನೆ. ತಂಡ ಗೆಲ್ಲುವುದಕ್ಕಿಂತ ಸೋಲುವುದೇ ಹೆಚ್ಚು. ಗಣಿತ ಓದುತ್ತಿದ್ದಾನೆ, ಹೈಸ್ಕೂಲಿನಲ್ಲಿ ಪಾಠ ಹೇಳುತ್ತೇನೆ ಎನ್ನುತ್ತಿದ್ದಾನೆ. ಇವರು ಈ ಸಲ ಒಂದೇ ದಿನ ಮುನಿಸಿಕೊಂಡರು.

ಹೋದ ತಿಂಗಳು ಇವರೂ ನಾನೂ ಅವನ ಪಂದ್ಯ ನೋಡಲು ಹೋಗಿದ್ದೆವು. ಆಟ ಮುಗಿದ ಮೇಲೆ ಪಾರ್ಕಿಂಗ್ ಲಾಟಿನಲ್ಲಿ ಆಟಗಾರರ ಅಪ್ಪ ಅಮ್ಮಂದಿರು ಮೇಜು ಹಾಕಿ ಊಟ ಇಡುತ್ತಾರೆ. ನಾವು ಒಂದು ದೊಡ್ಡ ಟ್ರೇ ತುಂಬ ಚಿತ್ರಾನ್ನ ಒಯ್ದಿದ್ದೆವು. ನಾನು ಚಮಚ ಹುಡುಕುವಷ್ಟರಲ್ಲಿ ಅರ್ಧ ಖಾಲಿಯಾಗಿತ್ತು. ಮಗ ಒದ್ದೆ ಕೂದಲಲ್ಲಿ, ಪೇಪರ್ ತಟ್ಟೆ ಹಿಡಿದುಕೊಂಡು ನನ್ನ ಪಕ್ಕ ಬಂದು ನಿಂತ. ಅಷ್ಟರಲ್ಲಿ ಮನೆಯಿಂದ ಅತ್ತೆಯ ವಿಡಿಯೋ ಕಾಲ್ ಬಂತು. ಮಂಡಿನೋವಿನಿಂದ ಅವರು ಅಷ್ಟು ದೂರ ಕಾರಿನಲ್ಲಿ ಕೂರಲಾರರು.

"ಗೆದ್ರೇನೋ ಮಗಾ?"

"ಇಲ್ಲ ಅಜ್ಜಿ. ಸೋತ್ವಿ."

"ನೀನು ಸರಿಯಾಗಿ ಎಸೆದ್ಯಾ?"

"ಎಸೆದೆ."

"ಊಟ ಆಯ್ತಾ?"

"ತಿಂತಿದೀನಿ ಅಜ್ಜಿ, ನೋಡಿ," ಎಂದು ಅವನು ತಟ್ಟೆಯನ್ನು ಫೋನಿನ ಮುಂದೆ ಹಿಡಿದ. ಅತ್ತೆ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ, ಕಡಲೆಬೇಳೆ ಸ್ವಲ್ಪ ಸೀದಿದೆ ಎಂದು ನನಗೆ ಹೇಳಲು ಹೇಳಿದರು.